ಮರದಿಂದ ಬಿದ್ದವರ ಕೈಕಾಲುಗಳನ್ನು ಬಿಟ್ಟುಕೊಡಬೇಡಿ

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರ ಮನೆಗೆ ಹೋದರೆ, ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕದ ನಮ್ಮ ಕಡೆ ಕೇಳುವ ಮಾತು ಒಂದೇ: ‘ಇನ್ನು ಮಾಡುವುದಕ್ಕೇನೂ ಇಲ್ಲವಂತೆ.’ ಅಡಿಕೆಗೆ ಮದ್ದು ಸಿಂಪಡಿಸಲೆಂದು ಕಾಲಿಗೆ ತಳೆ (ಮರ ಹತ್ತುವ ಬಳೆ) ಹಾಕಿ ಹತ್ತಿದ ನನ್ನ ಚಿಕ್ಕಪ್ಪನ ಮಗ ಜಾರಿಬಿದ್ದಾಗ ಮನೆಯವರೂ ಹಾಗೆಯೇ ನಂಬಿದರು. ನಾನು ಒಪ್ಪುವುದಿಲ್ಲ.

ಬೆನ್ನುಹುರಿಗೆ ಏಟು ಬಿದ್ದರೂ ಮಿದುಳು ಸುಮ್ಮನಾಗುವುದಿಲ್ಲ. ಕೈ ಎತ್ತಬೇಕೆಂದು ನೆನೆದರೆ ಅಲ್ಲಿನ ನರಕೋಶಗಳು ಈಗಲೂ ಮಿಡಿಯುತ್ತವೆ. ಅಪ್ಪಣೆ ಸ್ನಾಯುವನ್ನು ತಲುಪುವುದಿಲ್ಲ, ಅಷ್ಟೇ. ಆ ಮಿಡಿತವನ್ನು ಮಿದುಳಿನಲ್ಲೇ ಹಿಡಿಯಲು ಅಮೆರಿಕದ ಬ್ರೈನ್‌ಗೇಟ್ ಎಂಬ ಸಂಶೋಧಕರ ತಂಡ ಬಳಸಿದ ಸಂವೇದಕದ ಅಗಲ ಸುಮಾರು 4 ಮಿಲಿಮೀಟರ್, ಅದರಲ್ಲಿ 96 ವಿದ್ಯುದ್ವಾರಗಳು. ಪಾರ್ಶ್ವವಾಯುವಿನಿಂದ ಕೈಕಾಲೂ ಮಾತೂ ಹೋಗಿದ್ದ ಮಹಿಳೆಯೊಬ್ಬರು ರೋಬಾಟ್ ಕೈಯನ್ನು ಮನಸ್ಸಿನಿಂದಲೇ ನಡೆಸಿ ಕಾಫಿ ಕುಡಿದ ವರದಿ 2012ರಲ್ಲಿ ಬಂತು. ನನ್ನನ್ನು ಹೆಚ್ಚು ಕಾಡಿದ್ದು 2017ರ ಪ್ರಯೋಗ. ಸೈಕಲ್ ಅಪಘಾತದಲ್ಲಿ ಭುಜದಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದವರೊಬ್ಬರು ಕ್ಲೀವ್‌ಲ್ಯಾಂಡ್‌ನಲ್ಲಿ ತಮ್ಮದೇ ಕೈಯಿಂದ ಉಂಡರು. ಮಿದುಳಿನ ಸಂಕೇತವನ್ನು ಕಂಪ್ಯೂಟರ್ ಓದಿತು, ತೋಳಿನಲ್ಲಿ ಕೂರಿಸಿದ್ದ ತಂತಿಗಳು ಸ್ನಾಯುಗಳನ್ನು ಕುಣಿಸಿದವು.

ಆದರೆ ಅದಕ್ಕೂ ಮೊದಲು ಹಲವು ವಾರ ಆ ಸ್ನಾಯುಗಳಿಗೆ ವಿದ್ಯುತ್ ಪ್ರಚೋದನೆಯಿಂದ ವ್ಯಾಯಾಮ ಮಾಡಿಸಿದ್ದರು. ಇದನ್ನು ದಯವಿಟ್ಟು ಗಮನಿಸಿ. ಕೀಲು ಬಿಗಿದು, ಸ್ನಾಯು ಬತ್ತಿದ ಕೈಯನ್ನು ಎಂಥ ಯಂತ್ರವೂ ಸುಲಭವಾಗಿ ಎತ್ತಲಾರದು. ನಮ್ಮಲ್ಲಿ ಆಗುತ್ತಿರುವುದು ಅದೇ: ಆಸ್ಪತ್ರೆಯಿಂದ ಬಂದ ಮೇಲೆ ಮಲಗಿದಲ್ಲೇ ಹುಣ್ಣು, ಮೂತ್ರದ ಸೋಂಕು, ಮಡಚಿದಂತೆಯೇ ಗಟ್ಟಿಯಾದ ಬೆರಳುಗಳು.

ಮಿದುಳಿನ ಈ ಸಾಧನ ಇನ್ನೂ ಪ್ರಯೋಗದ ಹಂತದ್ದು. ತಲೆಬುರುಡೆ ತೆರೆಯಬೇಕು, ಸೋಂಕಿನ ಭಯವಿದೆ, ವರ್ಷ ಕಳೆದಂತೆ ಸಂಕೇತ ಕ್ಷೀಣಿಸುವುದೂ ಉಂಟು. ಇಲ್ಲಿನ ಎಣ್ಮಕಜೆಯಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತರಾದ ಮಕ್ಕಳ ವಿಷಯ ಬೇರೆಯೇ. ಹಲವರಿಗೆ ತೊಂದರೆ ಮಿದುಳಿನಲ್ಲೇ ಇರುವುದರಿಂದ ಬೆನ್ನುಹುರಿಯ ಪೆಟ್ಟಿಗೆಂದು ಮಾಡಿದ ಸಾಧನ ಅವರಿಗೆ ಹಾಗೆಯೇ ಒಗ್ಗದು. ಅವರ ತಾಯಂದಿರಿಗೆ ಯಾರಾದರೂ ಹಣ ಪಡೆದು ಭರವಸೆ ಮಾರಲು ಬಂದರೆ ಅಂಗಳದಿಂದಲೇ ಕಳುಹಿಸಿ.

ಮರದಿಂದ ಬಿದ್ದ ನನ್ನ ಆ ತಮ್ಮನಿಗೆ ಶಿಬಿರವೊಂದರಲ್ಲಿ ಕೊಟ್ಟ ಗಾಲಿಕುರ್ಚಿಯ ಮುಂದಿನ ಚಕ್ರ ಮುರಿದಿದೆ. ಬಿಡಿಭಾಗ ಕೇಳಿದರೆ ಮಂಗಳೂರಿನಲ್ಲಿ ವಿಚಾರಿಸಿ ಎಂದರು. ಒಂದು ಚಕ್ರಕ್ಕೇ ಗತಿಯಿಲ್ಲದ ಕಡೆ ಮಿದುಳಿನ ಸಾಧನವನ್ನು ಯಾರು ನೋಡಿಕೊಳ್ಳುತ್ತಾರೆ?

ನನ್ನ ಬೇಡಿಕೆ ದೊಡ್ಡದಲ್ಲ. ಹಾಸಿಗೆ ಹಿಡಿದವರ ಆರೈಕೆಗೆಂದು ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗಳಿಗೆ ಬರುವ ವಾಹನದಲ್ಲೇ ಫಿಸಿಯೋಥೆರಪಿಸ್ಟ್ ಕೂಡ ಬರಲಿ. ವ್ಯಾಯಾಮವನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಿಕೊಡಲಿ; ಮಲಯಾಳದ ಚೀಟಿ ನಮ್ಮ ಅಜ್ಜಿಯಂದಿರಿಗೆ ಓದಲು ಬರುವುದಿಲ್ಲ. ಗಾಲಿಕುರ್ಚಿ ರಿಪೇರಿಗೆ ತಾಲೂಕಿಗೊಬ್ಬರಾದರೂ ಇರಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತುತ್ತೇನೆ. ಮನೆಯಲ್ಲಿ ಇಂಥವರಿರುವವರು ಜೊತೆಗೆ ಬನ್ನಿ.