ಅರ್ಧ ಪರ್ಸೆಂಟ್ ಅಂದ್ರೆ ಎಷ್ಟು ಚಿಟಿಕೆ?

ನಮ್ಮ ಮನೆಯಲ್ಲಿ ಯಾವುದನ್ನೂ ಅಳೆದು ಹಾಕುವ ಪದ್ಧತಿಯಿಲ್ಲ. ಉಪ್ಪು ಎಷ್ಟು ಅಂದರೆ ಅತ್ತೆ ಅಂಗೈಯನ್ನು ಗುಳಿ ಮಾಡಿ ತೋರಿಸುತ್ತಾರೆ. ಹುಣಸೆಹಣ್ಣು ನಿಂಬೆಗಾತ್ರ, ಬೆಲ್ಲ ಅಡಿಕೆಗಾತ್ರ, ಇಂಗು 'ಒಂಚೂರು'. ಹತ್ತು ವರ್ಷ ಇದೇ ಲೆಕ್ಕದಲ್ಲಿ ಸಾರು ಮಾಡಿ ಸೈ ಅನ್ನಿಸಿಕೊಂಡವಳು ನಾನು. ಆ ಧೈರ್ಯದ ಮೇಲೆ ಶೀಟ್ ಮಾಸ್ಕ್‌ಗೆ ಎಸೆನ್ಸ್, ಅಂದರೆ ಅದನ್ನು ನೆನೆಸುವ ದ್ರವ, ಮಾಡಲು ಹೊರಟೆ.

ಶೀಟ್ ಮಾಸ್ಕ್ ಗೊತ್ತಲ್ವಾ? ಕಣ್ಣು, ಮೂಗು, ಬಾಯಿಗೆ ತೂತು ಬಿಟ್ಟ ಒದ್ದೆ ಬಟ್ಟೆ. ಇಪ್ಪತ್ತು ನಿಮಿಷ ಮುಖಕ್ಕೆ ಅಂಟಿಸಿಕೊಂಡು ಎಸೆಯುವುದಕ್ಕೆ ನೂರು ರೂಪಾಯಿ ಕೊಡಲು ನನಗೆ ಹೊಟ್ಟೆ ಉರಿಯಿತು. ಬರೀ ಬಟ್ಟೆ ಬೇರೆ ಸಿಗುತ್ತದೆ. ಅದನ್ನು ಗುಳಿಗೆಯ ಹಾಗೆ ಒತ್ತಿಟ್ಟಿರುತ್ತಾರೆ, ನೀರಿಗೆ ಹಾಕಿದರೆ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಮಾವ ಒಂದನ್ನು ತಮ್ಮ ಬಿ.ಪಿ. ಮಾತ್ರೆಯ ಡಬ್ಬಿಗೆ ಎತ್ತಿಟ್ಟುಬಿಟ್ಟಿದ್ದರು. ಪುಣ್ಯಕ್ಕೆ ನುಂಗುವ ಮೊದಲು ಗಾತ್ರ ನೋಡಿ, "ಇದೇನಮ್ಮ, ಎತ್ತಿಗೆ ಕೊಡೋದಾ?" ಎಂದು ಕೇಳಿದರು.

ಚೀಟಿಯಲ್ಲಿ ಬರೆದುಕೊಂಡಿದ್ದೆ. ಒಟ್ಟು 100 ಗ್ರಾಂ. ಗ್ಲಿಸರಿನ್ 5, ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) 4, ತೇವ ಹಿಡಿದಿಡುವ ಹಯಲುರಾನಿಕ್ ಆಸಿಡ್ ಅರ್ಧ ಗ್ರಾಂ, ಉಳಿದದ್ದು ಡಿಸ್ಟಿಲ್ಡ್ ವಾಟರ್. ಮೆಡಿಕಲ್ ಶಾಪ್‌ನವನ ಹತ್ತಿರ ಆ ನೀರಿರಲಿಲ್ಲ, ಗ್ಯಾರೇಜಿನಲ್ಲಿ ಕೇಳಿ ಅಂದ. ಬಾಟಲಿ ಮೇಲಿದ್ದ ಬ್ಯಾಟರಿಯ ಚಿತ್ರ ನೋಡಿ ಅತ್ತೆ, "ಮುಖಕ್ಕೆ ಬ್ಯಾಟರಿ ನೀರಾ? ಚಾರ್ಜ್ ಆಗಕ್ಕಾ?" ಅಂದರು. ವಾಪಸ್ ಕೊಟ್ಟು, ನಾಲ್ಕು ಅಂಗಡಿ ಅಲೆದು ಸರಿಯಾದದ್ದನ್ನೇ ತಂದೆ.

ಇನ್ನು ಹಯಲುರಾನಿಕ್. ಹೆಸರಲ್ಲಿ ಆಸಿಡ್ ಇದ್ದರೂ ಪಾಪದ ವಸ್ತು. ನಮ್ಮ ಚರ್ಮದಲ್ಲೂ ಇದೆ, ಕೀಲುಗಳಲ್ಲೂ ಇದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನೊಳಗಿನ ಲೋಳೆಯಿಂದ. ಈಗ ಹೆಚ್ಚಾಗಿ ಬ್ಯಾಕ್ಟೀರಿಯಾಗಳಿಂದ ತಯಾರಿಸುತ್ತಾರೆ. ಆದರೂ ಹಸುವಿನ ವಿಷಯ ಅತ್ತೆಗೆ ಹೇಳಲಿಲ್ಲ.

ಅಡುಗೆಮನೆಯ ತಕ್ಕಡಿಗೆ ಒಂದು ಗ್ರಾಂಗಿಂತ ಕಮ್ಮಿ ಕಾಣುವುದಿಲ್ಲ. ಸ್ವಲ್ಪ ಸ್ವಲ್ಪವೇ ಉದುರಿಸಿದರೆ ಅದು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಉದುರಿಸಿದೆ, ಸೊನ್ನೆ. ಇನ್ನಷ್ಟು ಉದುರಿಸಿದೆ, ಮತ್ತೂ ಸೊನ್ನೆ. ಹತ್ತಿಯಂಥ ಪುಡಿ, ಇದರಲ್ಲೇನು ತೂಕ ಇದ್ದೀತು ಎಂದು ಕೊನೆಗೆ ಎರಡು ಚಮಚ ಭರ್ತಿ ಪುಡಿಯನ್ನೇ ನೀರಿಗೆ ಸುರಿದೆ. ಸುರಿದ ಕೂಡಲೇ ಗಂಟು! ಮೇಲೆ ಅಂಟು, ಒಳಗೆ ಒಣ ಪುಡಿ. ಅತ್ತೆ ಮಂಡ್ಯದವರು. ಮುದ್ದೆಯಲ್ಲಿ ಗಂಟು ಕಂಡರೆ ಅವರಿಗೆ ತಡೆಯುವುದಿಲ್ಲ. "ಕೊಡಿಲ್ಲಿ" ಎಂದು ಮುದ್ದೆ ಕೋಲು ತಂದು ತಿರುವಿಯೇ ತಿರುವಿದರು. ಗಂಟು ಒಡೆಯಲಿಲ್ಲ. ಪುಡಿಯನ್ನು ಮೊದಲು ಗ್ಲಿಸರಿನ್‌ನಲ್ಲಿ ಕಲಸಿ, ಆಮೇಲೆ ನೀರು ಹಾಕಿ, ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಟ್ಟರೆ ತಾನಾಗಿ ಕರಗುತ್ತದಂತೆ. ಚೀಟಿಯ ಹಿಂಬದಿಯಲ್ಲಿತ್ತು.

ಬೆಳಗ್ಗೆ ನೋಡಿದರೆ ಗಂಟೇನೋ ಹೋಗಿತ್ತು, ನೀರೂ ಹೋಗಿತ್ತು. ಪಾತ್ರೆ ಬೋರಲು ಹಾಕಿದರೂ ಬೀಳದ ಜೆಲ್ಲಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಚೀಟಿಯಲ್ಲಿಲ್ಲದ ವಿಟಮಿನ್ ಸಿ ಪುಡಿಯೂ ಮನೆಯಲ್ಲಿತ್ತು ನೋಡಿ, ಒಗ್ಗರಣೆಗೆ ಕರಿಬೇವು ಹಾಕಿದ ಹಾಗೆ ಅದನ್ನೂ ಹಾಕಿದೆ. ಹುಳಿ ಅಳೆಯುವ ಪಿಎಚ್ ಪಟ್ಟಿ ಅದ್ದಿದರೆ ಎರಡೂವರೆಯ ಬಣ್ಣ ಬಂತು. ಚರ್ಮದ್ದು ಐದರ ಆಸುಪಾಸು, ಇದು ಹೆಚ್ಚುಕಮ್ಮಿ ನಿಂಬೆರಸ. ಹುಳಿ ಜಾಸ್ತಿಯಾದರೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲವೇ? ಅಡುಗೆ ಸೋಡಾ ಹಾಕಿದೆ. ಬುರುಬುರು ನೊರೆ ಬಂತು. ಜೆಲ್ಲಿ ಎಷ್ಟು ಗಟ್ಟಿ ಇತ್ತೆಂದರೆ ಗಾಳಿ ಹೊರಗೆ ಹೋಗಲಾರದೆ ಒಳಗೇ ಉಳಿಯಿತು. ಚಳಿಗಾಲದಲ್ಲಿ ನನ್ನ ಇಡ್ಲಿ ಹಿಟ್ಟು ಒಂದು ದಿನವಾದರೂ ಹೀಗೆ ಉಬ್ಬಿದ್ದರೆ! ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆ ಇಳಿಯಿತು.

ಅತ್ತೆಗೆ ಇನ್ನೊಂದು ಅನುಮಾನ. "ಕೆಡದೇ ಇರಕ್ಕೆ ಇದಕ್ಕೆ ಏನು ಹಾಕಿದ್ದೀಯ?" ಏನೂ ಇಲ್ಲ ಅಂದೆ. "ನೀರು ತಾಗಿದ ಉಪ್ಪಿನಕಾಯಿ ಉಳಿಯತ್ತಾ?" ಅವರ ಪ್ರಶ್ನೆ ಸರಿಯಾಗಿತ್ತು. ಫಿನಾಕ್ಸಿಎಥನಾಲ್ ಅಂತ ಒಂದಿದೆ, ಒಂದು ಪರ್ಸೆಂಟ್ ದಾಟದ ಹಾಗೆ ಹಾಕುತ್ತಾರೆ. ಅದರ ಬಾಟಲಿ ತಂದಿದ್ದೆ, ತೆರೆದೇ ಇರಲಿಲ್ಲ.

ಮುಖಕ್ಕೆ ಹಚ್ಚುವ ಮೊದಲು ಮೊಣಕೈ ಒಳಗಡೆ ಹಚ್ಚಿ ಒಂದು ದಿನ ಕಾಯಬೇಕು. ಅದನ್ನು ಮಾತ್ರ ನಿಷ್ಠೆಯಿಂದ ಮಾಡಿದೆ. ಕೈ ಮಾತ್ರ ಯಜಮಾನರದ್ದು. ನಿದ್ದೆಯಲ್ಲಿದ್ದರು, ಎಬ್ಬಿಸುವುದು ಯಾಕೆ? ಬೆಳಗ್ಗೆ ಅವರ ಕೈ ಬೆಡ್‌ಶೀಟಿಗೆ ಅಂಟಿಕೊಂಡಿತ್ತು. ಬಿಡಿಸಿ ನೋಡಿದರೆ ರೂಪಾಯಿಯಗಲ ಕೆಂಪು. "ಏನು ಸೊಳ್ಳೆನೇ ಇದು, ಗೋಂದು ಹಚ್ಚಿ ಕಚ್ಚುತ್ತೆ!" ಅಂದರು. ನಾನು ಸೊಳ್ಳೆಬತ್ತಿ ಹಚ್ಚಿಟ್ಟೆ. ಮೂರನೇ ದಿನಕ್ಕೆ ಫ್ರಿಜ್‌ನಲ್ಲಿದ್ದ ಜೆಲ್ಲಿ ಟೀ ಬಣ್ಣಕ್ಕೆ ತಿರುಗಿತು. ವಿಟಮಿನ್ ಸಿ ಗಾಳಿ ತಾಗಿದರೆ ಹಾಗೇ.

ಇಷ್ಟಾದ ಮೇಲೆ ಸೋಲೊಪ್ಪಿ, 0.01 ಗ್ರಾಂ ತೋರಿಸುವ ಅಂಗೈಯಗಲದ ತಕ್ಕಡಿ ತರಿಸಿದೆ. "ಉಪ್ಪಿನ ಹರಳು ತೂಗಕ್ಕೂ ಒಂದು ಮಿಷನ್ನಾ!" ಎಂದು ಅತ್ತೆ ನಕ್ಕರು. ಮಧ್ಯಾಹ್ನ ನಾನು ಉಸಿರು ಬಿಗಿಹಿಡಿದು ಪುಡಿ ಉದುರಿಸುತ್ತಿದ್ದೆ. 0.31ಕ್ಕೆ ಬಂದಿತ್ತು. ಅತ್ತೆ ಹಿಂದೆ ಬಂದು ನಿಂತರು.

"ಇದು ಚಿನ್ನದಂಗಡಿಯವನ ಹತ್ತಿರ ಇರೋದೇ ಅಲ್ವಾ?"

ಹೂಂ ಅಂದೆ. ಕಿವಿಯಿಂದ ಓಲೆ ಬಿಚ್ಚಿಯೇಬಿಟ್ಟರು. ನನ್ನ ಪುಡಿಯ ಕಾಗದ ಪಕ್ಕಕ್ಕೆ ಸರಿಯಿತು. ತಕ್ಕಡಿ 5.87 ತೋರಿಸಿತು. ಅತ್ತೆ ಬೀರು ತೆಗೆದು ಹಳೇ ಬಿಲ್ಲು ಹುಡುಕಿ ತಂದರು. ಅದರಲ್ಲಿ 6.20.

"ಮೂವತ್ತಮೂರು ಪಾಯಿಂಟು ಎಲ್ಲಿ ಹೋಯ್ತು?"

ಸವೆದಿರಬಹುದು, ಹರಳಿನ ತೂಕ ಸೇರಿಸಿರಬಹುದು ಅಂದೆ. "ಸುಮ್ನಿರು, ಇದು ಅಂದಾಜಿನ ಮಾತಲ್ಲ" ಎಂದರು, ಒಂಚೂರು ಇಂಗಿನ ನನ್ನ ಅತ್ತೆ. ಸಂಜೆಗೆ ಎದುರುಮನೆಯವರು ಸರ ಹಿಡಿದು ಬಂದರು, ಮಹಡಿ ಮನೆಯವರು ನಾಲ್ಕು ಬಳೆ ತಂದರು. ಅತ್ತೆ ನನ್ನ ಚೀಟಿಯ ಹಿಂಬದಿಯಲ್ಲೇ ಲೆಕ್ಕ ಬರೆಯುತ್ತಾ ಕೂತಿದ್ದಾರೆ. ಬಳೆಗಳು ಮುಗಿದ ಮೇಲೆ ನನ್ನ ಸರದಿಯಂತೆ.