ಕೆಟ್ಟಿಲ್ಲದ ಸಿ.ಡಿ.

ಸಿ.ಡಿ. ಕೆಟ್ಟಿದೆ ಅಂತ ಅಮ್ಮ ತೀರ್ಮಾನ ಮಾಡಿಯಾಗಿತ್ತು. ಅಡುಗೆಮನೆಯಿಂದ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, "ಗೀರು ಬಿದ್ದಿದೆ ಅನ್ಸುತ್ತೆ ಕಣೋ. ಒಂದೇ ಕಡೆ ನಿಂತುಬಿಟ್ಟಿದೆ. ಮುಂದಕ್ಕೆ ತಳ್ಳು" ಅಂದಳು.

ಸಿ.ಡಿ.ಗೆ ಏನೂ ಆಗಿರಲಿಲ್ಲ. ಗ್ರಾಂಟ್ ಗ್ರೀನ್ ಎಂಬ ಗಿಟಾರ್ ವಾದಕ ಒಂದು ಚಿಕ್ಕ ತುಣುಕನ್ನು ಹಿಡಿದುಕೊಂಡು ಅದನ್ನೇ ಮತ್ತೆ ಮತ್ತೆ ಬಾರಿಸುತ್ತಿದ್ದ. ಅಮ್ಮ ಬಾಗಿಲ ಹತ್ತಿರವೇ ನಿಂತಳು. ಎಂಟನೆಯ ಸಲವೋ ಹತ್ತನೆಯ ಸಲವೋ ಗಿಟಾರ್ ಅದನ್ನು ಬಿಟ್ಟು ಚಂಗನೆ ಬೇರೆ ಕಡೆ ಹಾರಿತು. "ಓ" ಅಂದು ಅವಳು ಒಳಗೆ ಹೋದಳು.

ಈ ಆಲ್ಬಂ ನನಗೆ ಹೊಸದೇನೂ ಅಲ್ಲ. 'ಅಲೈವ್!' ಅಂತ ಹೆಸರು. ವರ್ಷಗಳ ಹಿಂದೆ ಗೆಳೆಯನೊಬ್ಬ ಕೇಳಿಸಿದಾಗ ಎರಡು ಹಾಡಿಗೇ ಮುಖ ಸಿಂಡರಿಸಿದ್ದೆ. ಆಗಿನ್ನೂ ಜಾಜ್ ಕೇಳೋದು ಶುರುಮಾಡಿದ್ದೆ. ಹೊಸದಾಗಿ ಮಡಿ ಉಟ್ಟವರಿಗೆ ಮೈಲಿಗೆಯ ಭಯ ಜಾಸ್ತಿ, ಅಲ್ವಾ? ಇದೇ ಗ್ರೀನ್ 1963ರಲ್ಲಿ ನುಡಿಸಿದ 'ಐಡಲ್ ಮೊಮೆಂಟ್ಸ್' ಎಂಬ ಜಾಜ್ ಆಲ್ಬಂ ನನಗೆ ದೇವರ ಮನೆಯ ಸಾಮಾನು. ಅಷ್ಟು ನಿಧಾನದ, ಅಷ್ಟು ಸೊಗಸಿನ ಮನುಷ್ಯ ಏಳು ವರ್ಷ ಕಳೆಯುವುದರೊಳಗೆ ಬಾರೊಂದರಲ್ಲಿ ಕೂತು, ಜನರನ್ನು ಕುಣಿಸುವ ಫಂಕ್ ಸಂಗೀತ ಬಾರಿಸುವುದೇ? ಪಾಪ, ದುಡ್ಡಿನ ಹಿಂದೆ ಬಿದ್ದ ಅಂದುಕೊಂಡೆ. ಅದು ನನ್ನ ಸ್ವಂತ ಅಭಿಪ್ರಾಯವೂ ಅಲ್ಲ. ಗ್ರೀನ್‌ನ ಫಂಕ್ ದಿನಗಳ ಬಗ್ಗೆ ಜಾಜ್ ವಿಮರ್ಶಕರು ಎಷ್ಟೋ ಕಾಲ ಹಾಗೇ ಹೇಳಿಕೊಂಡು ಬಂದಿದ್ದರು. ನಾನು ಎರವಲು ತಂದದ್ದನ್ನು ವಾಪಸ್ ಕೊಡದೆ ಇಟ್ಟುಕೊಂಡಿದ್ದೆ, ಅಷ್ಟೇ.

ಈಗ ಕೈಗೆ ಸಿಕ್ಕಿದ್ದು ಬ್ಲೂ ನೋಟ್ ಎಂಬ ರೆಕಾರ್ಡ್ ಕಂಪನಿ 2000ದಲ್ಲಿ ಮೂರು ಹಾಡು ಹೆಚ್ಚಿಗೆ ಸೇರಿಸಿ ಮತ್ತೆ ಹೊರತಂದ ಸಿ.ಡಿ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಕೊಂಡಿದ್ದು ಆ ಮೂರು ಹಾಡಿನ ಆಸೆಗೂ ಅಲ್ಲ, ಸುಮ್ನೆ ಅಗ್ಗವಾಗಿತ್ತು ಅಂತ. ಆದರೆ ದಿನಾಂಕ ನೋಡಿ ಕಿವಿ ನೆಟ್ಟಗಾಯಿತು. 15 ಆಗಸ್ಟ್ 1970. ನಮಗೆ ಧ್ವಜಾರೋಹಣ, ಕೈಗೊಂದು ಲಡ್ಡು. ನ್ಯೂಜೆರ್ಸಿಯ ನ್ಯೂಆರ್ಕ್ ಊರಿನಲ್ಲಿ ಅದು ಬರೀ ಒಂದು ಶನಿವಾರ. ಊರಿನ ಕ್ಲೀಶೇ ಲೌಂಜ್ ಎಂಬ ಜಾಗದಲ್ಲಿ ಜನರ ಮುಂದೆ ನುಡಿಸಿದ್ದನ್ನು ಹಾಗೇ ಮುದ್ರಿಸಿಕೊಂಡಿದ್ದಾರೆ.

ಬರೀ ಶನಿವಾರ ಅಂದೆ. ಪೂರ್ತಿ ಹಾಗೂ ಅಲ್ಲ. ಮೂರು ವರ್ಷದ ಹಿಂದೆ, 1967ರ ಜುಲೈಯಲ್ಲಿ, ಅದೇ ಊರು ಜನಾಂಗೀಯ ಗಲಭೆಯಲ್ಲಿ ಹೊತ್ತಿ ಉರಿದಿತ್ತು. 26 ಜನ ಸತ್ತಿದ್ದರು. 1970ರ ಜುಲೈ 1ಕ್ಕೆ ಕೆನೆತ್ ಗಿಬ್ಸನ್ ಊರಿನ ಮೊದಲ ಕಪ್ಪುವರ್ಣೀಯ ಮೇಯರ್ ಆಗಿ ಕುರ್ಚಿ ಹಿಡಿದ. ಅದಾಗಿ ಆರೇಳು ವಾರಕ್ಕೆ ಈ ರಾತ್ರಿ. ಅಲ್ಲಿ ಸೇರಿದವರು ಇದನ್ನೆಲ್ಲ ನೆನೆಸಿಕೊಂಡು ಕೂತಿದ್ದರು ಅಂತ ನಾನು ಹೇಳಲ್ಲ. ವಾರವಿಡೀ ದುಡಿದವರು ಶನಿವಾರ ರಾತ್ರಿ ಇತಿಹಾಸ ನೆನೆಸಿಕೊಳ್ಳೋಕೆ ಬಾರಿಗೆ ಹೋಗುವುದಿಲ್ಲ. ಆದರೆ ರೆಕಾರ್ಡಿನಲ್ಲಿ ಅವರ ಕೂಗು, ಕೇಕೆ ಕೇಳುತ್ತದೆ. ನಾನು ಅವತ್ತು ಮುಖ ಸಿಂಡರಿಸಿದ್ದು ಈ ಜನರ ಖುಷಿಗೆ ಅಂತ ಈಗ ಹೊಳೆದು ಸ್ವಲ್ಪ ನಾಚಿಕೆಯಾಯಿತು.

ಮೊದಲ ಹಾಡು ಕೂಲ್ ಅಂಡ್ ದ ಗ್ಯಾಂಗ್ ಎಂಬ ಫಂಕ್ ತಂಡದ್ದು. ಅವರು ಪಕ್ಕದ ಜೆರ್ಸಿ ಸಿಟಿಯ ಹುಡುಗರು. ಅಂದರೆ ಗ್ರೀನ್ ಆ ಸೀಮೆಯವರದೇ ಹಾಡನ್ನು ಆ ಸೀಮೆಯವರಿಗೆ ಬಾರಿಸಿದ. ಡ್ರಮ್ಸ್‌ಗೆ ಕೂತಿರುವುದು ನ್ಯೂ ಆರ್ಲಿಯನ್ಸ್‌ನ ಇದ್ರೀಸ್ ಮಹಮ್ಮದ್. ಆರ್ಗನ್, ಅಂದರೆ ಪಿಯಾನೋ ಥರ ಮನೆಗಳನ್ನು ಒತ್ತಿ ನುಡಿಸುವ ವಾದ್ಯ, ರಾನಿ ಫಾಸ್ಟರ್‌ದು. ಅವನಿಗಾಗ ಬರೀ 20 ವರ್ಷ. ತಂಡದಲ್ಲಿ ಬೇಸ್ ಗಿಟಾರಿನವನೇ ಇಲ್ಲ. ಕೆಳಗಿನಿಂದ ಗುಡುಗುಡು ಅನ್ನುವುದೆಲ್ಲ ಆರ್ಗನ್ನಿನದೇ. ಇದು ತಿಳಿದ ಮೇಲೆ ಅರ್ಧ ದಿನ ನಾನು ಗಿಟಾರನ್ನೇ ಮರೆತು ಅದನ್ನು ಹುಡುಕಿಕೊಂಡು ಕೇಳಿದೆ.

ಇನ್ನು ಆ ನಿಂತುಹೋಗುವ ಕಾಯಿಲೆ. ಗ್ರೀನ್ ಗಿಟಾರಿನವರಿಗಿಂತ ಹೆಚ್ಚಾಗಿ ಸ್ಯಾಕ್ಸೊಫೋನಿನ ಚಾರ್ಲಿ ಪಾರ್ಕರ್‌ನಂಥವರನ್ನು ಕೇಳಿ ಕಲಿತವನು. ನಾಲ್ಕೈದು ತಂತಿ ಒಟ್ಟಿಗೆ ಮೀಟಿ ಝಲ್ಲೆನಿಸುವುದು ಅವನಲ್ಲಿ ಅಪರೂಪ. ಒಂದು ಸಲಕ್ಕೆ ಒಂದೇ ಸ್ವರ. ಉಸಿರು ಬಿಟ್ಟು ಊದಿದ ಹಾಗೆ. ಹಾಗೆ ಹೋಗುತ್ತಾ ಹೋಗುತ್ತಾ ಒಂದು ತುಣುಕು ರುಚಿಸಿದರೆ ಮುಗೀತು, ಬಿಡುವುದಿಲ್ಲ. ನಮ್ಮ ಸಂಗೀತದಲ್ಲೂ ಒಂದೇ ಸಾಲನ್ನು ಹತ್ತು ಸಲ ಹಾಡುತ್ತಾರೆ. ಆದರೆ ಪ್ರತಿ ಸಲ ಒಂದು ಹೊಸ ಸಂಗತಿ, ಒಂದು ಹೊಸ ಬಳುಕು. ಹಾಗಾಗಿ ಅದನ್ನು ಯಾರೂ ಕೆಟ್ಟ ರೆಕಾರ್ಡ್ ಅನ್ನುವುದಿಲ್ಲ. ಈ ಪುಣ್ಯಾತ್ಮ ಏನನ್ನೂ ಬದಲಿಸುವುದಿಲ್ಲ. ಅವೇ ಸ್ವರ, ಅದೇ ಒತ್ತು.

ಹಾಗಾದರೆ ಬೇಸರ ಯಾಕೆ ಬರುವುದಿಲ್ಲ? ಬೆರಳಿನಲ್ಲಿ ತಾಳ ಹಾಕಿಕೊಂಡು ಕೂತಾಗ ನನಗೆ ಗೊತ್ತಾಯಿತು. ಕೆಲವು ಕಡೆ ತುಣುಕಿನ ಅಳತೆ ತಾಳದ ಅಳತೆಗೆ ಸೇರುವುದಿಲ್ಲ. ಮೃದಂಗದವರು ಆದಿತಾಳದ ಮೇಲೆ 'ತಕಿಟ ತಕಿಟ' ಅಂತ ಮೂರು ಮೂರಾಗಿ ಇಡುತ್ತಾ ಹೋಗುತ್ತಾರಲ್ಲ, ಆ ಥರ. ಪ್ರತಿ ಸಲವೂ ಅದು ಬೀಳುವ ಜಾಗ ಬೇರೆ. ಬಾರಿಸುವವನು ಕದಲುವುದಿಲ್ಲ, ಕಾಲಡಿಯ ನೆಲ ಜರುಗುತ್ತದೆ. ಕೇಳುವವರಿಗೆ ಒಳಗೊಳಗೇ ಆತಂಕ, ಇವನು ಯಾವಾಗ ಇಳಿಯುತ್ತಾನೋ ಅಂತ. ಕೊನೆಗೆ ಇಳಿಯುವಾಗ ಇದ್ರೀಸ್ ಅಲ್ಲಿ ಕಾದಿರುತ್ತಾನೆ.

ಇದರ ಬೆಲೆ ಮೊದಲು ತಿಳಿದವರು ವಿಮರ್ಶಕರಲ್ಲ, ಕುಣಿಸುವವರು. ಎಂಬತ್ತರ ದಶಕದಲ್ಲಿ ಲಂಡನ್ನಿನ ಡಿ.ಜೆ.ಗಳು ಎಪ್ಪತ್ತರ ಸುಮಾರಿನ ಇಂಥ ಮರೆತುಹೋದ ರೆಕಾರ್ಡುಗಳನ್ನು ಹುಡುಕಿ ತೆಗೆದು, 'ರೇರ್ ಗ್ರೂವ್' ಅಂತ ಹೆಸರಿಟ್ಟು ಕ್ಲಬ್ಬುಗಳಲ್ಲಿ ಹಾಕಿದರು. ಅತ್ತ ನ್ಯೂಯಾರ್ಕಿನಲ್ಲಿ ಹಿಪ್‌ಹಾಪ್ ಹುಡುಗರು ಇದೇ ಎಲ್‌ಪಿಗಳಿಂದ ಚೂರು ಕತ್ತರಿಸಿ ತಮ್ಮ ಹಾಡಿಗೆ ಹೊಲಿದುಕೊಂಡರು. 'ಎ ಟ್ರೈಬ್ ಕಾಲ್ಡ್ ಕ್ವೆಸ್ಟ್' ತಂಡ 1991ರ ಹಾಡೊಂದಕ್ಕೆ 'ಅಲೈವ್!'ನಿಂದ ತುಂಡು ತೆಗೆಯಿತು. ಆ ತಂಡದ ಅಲಿ ಶಹೀದ್ ಮಹಮ್ಮದ್ ಹುಟ್ಟಿದ್ದು 11 ಆಗಸ್ಟ್ 1970, ಬ್ರೂಕ್ಲಿನ್‌ನಲ್ಲಿ. ಗ್ರೀನ್ ನ್ಯೂಆರ್ಕಿನಲ್ಲಿ ಬಾರಿಸುತ್ತಿದ್ದ ರಾತ್ರಿ ಅವನು ನಾಲ್ಕು ದಿನದ ಕೂಸು. ಈ ಲೆಕ್ಕ ನಾನೇ ಹಾಕಿದ್ದು. ಹಾಕಿ, ಹೇಳೋಕೆ ಯಾರೂ ಇಲ್ಲದೆ ಅಮ್ಮನಿಗೆ ಹೇಳಿದೆ. "ಹೌದಾ" ಅಂದಳು.

ಚೂರು ಕತ್ತರಿಸಿ, ಅದು ತಿರುತಿರುಗಿ ಬರುವಂತೆ ಮಾಡುವುದಕ್ಕೆ ಆ ಹುಡುಗರಿಗೆ ಯಂತ್ರ ಬೇಕಾಯಿತು. ಗ್ರೀನ್ ಅದನ್ನು ಬೆರಳಲ್ಲೇ ಮಾಡಿಟ್ಟಿದ್ದ. ಅವರ ಕಿವಿಗೆ ಇವನು ಅಷ್ಟು ಬೇಗ ಹತ್ತಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. 1993ರಲ್ಲಿ ಅಸ್-ತ್ರೀ ಎಂಬ ಲಂಡನ್ ತಂಡ ಬ್ಲೂ ನೋಟ್‌ನ ಅನುಮತಿ ಪಡೆದೇ ಇನ್ನೊಂದು ತುಂಡು ಬಳಸಿತು. ಅದೇ ವರ್ಷ ಕಂಪನಿಯೂ ಎಚ್ಚೆತ್ತು 'ಅಲೈವ್!' ಅನ್ನು ಸಿ.ಡಿ.ಯಾಗಿ ಹೊರತಂದಿತು.

ಇದ್ಯಾವುದನ್ನೂ ಗ್ರೀನ್ ನೋಡಲಿಲ್ಲ. 31 ಜನವರಿ 1979ರಂದು, ನ್ಯೂಯಾರ್ಕಿನಲ್ಲಿ, ಕಾರಿನಲ್ಲಿದ್ದಾಗಲೇ ಹೃದಯಾಘಾತವಾಯಿತು. 43 ವರ್ಷ. ಇನ್ನೊಬ್ಬ ಗಿಟಾರ್ ವಾದಕ ಜಾರ್ಜ್ ಬೆನ್ಸನ್‌ನ ಕ್ಲಬ್ಬಿನಲ್ಲಿ ನುಡಿಸಲು ಆ ಊರಿಗೆ ಬಂದಿದ್ದ.

ಆ ಮೂರು ಹೆಚ್ಚುವರಿ ಹಾಡುಗಳ ಆಸೆ ಇರಲಿಲ್ಲ ಅಂದೆನಲ್ಲ, ಆಸೆ ಪಡಬೇಕಿತ್ತು. ಕೊನೆಯದು 'ಮೇಡನ್ ವಾಯೇಜ್'. ಜಾಜ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ 1965ರಲ್ಲಿ ಮಾಡಿದ್ದು. ಎಂಥ ಮಡಿವಂತನೂ ಒಪ್ಪುವ ಅಪ್ಪಟ ಜಾಜ್. ಅದೇ ಬಾರು, ಅದೇ ಜನ, ಅದೇ ಕೇಕೆ. ಎಲ್‌ಪಿಯ ಎರಡು ಮಗ್ಗುಲೂ ಸೇರಿ ಮುಕ್ಕಾಲು ಗಂಟೆ ಹಿಡಿಯುವುದೇ ಹೆಚ್ಚು. 1970ರ ಎಲ್‌ಪಿಯಲ್ಲಿ ಇದು ಇರಲಿಲ್ಲ. ದುಡ್ಡಿನ ಹಿಂದೆ ಬಿದ್ದ ಅಂತ ನಾನು ಬೈದವನು ಕೂಲ್ ಅಂಡ್ ದ ಗ್ಯಾಂಗ್ ಬಾರಿಸಿದ ಕೈಯಲ್ಲೇ ಹ್ಯಾನ್‌ಕಾಕ್‌ನನ್ನೂ ಬಾರಿಸಿ, ಎರಡಕ್ಕೂ ಚಪ್ಪಾಳೆ ತೆಗೆದುಕೊಂಡು ಮನೆಗೆ ಹೋಗಿದ್ದಾನೆ.

ಮೊನ್ನೆ ಬೇರೇನನ್ನೋ ಹಾಕಿದ್ದೆ. ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದ ಅಮ್ಮ ಸ್ವಲ್ಪ ಹೊತ್ತು ಕೇಳಿ, "ಇದು ಬೇಡ. ಆ ಕೆಟ್ಟಿರೋ ಸಿ.ಡಿ. ಹಾಕು" ಅಂದಳು.