ಜೋಪಾನವಾಗಿ ಕೊಂದ ಲೆನ್ಸ್

ಉಡುಪಿಯಿಂದ ಈಗಷ್ಟೇ ಮಂಗಳೂರಿಗೆ ಬಂದು ಮುಟ್ಟಿದ್ದೇನೆ. ಕೊಡೆಯ ನೀರು ಇಳಿಯಿತು, ಸಿಟ್ಟು ಇಳಿದಿಲ್ಲ.

ದೊಡ್ಡಮಾವನ ವರ್ಷಾಂತಿಕಕ್ಕೆ ಹೋಗಿದ್ದೆ. ಊಟ ಮುಗಿದು ಪಾಯಸದ ಜೊಂಪು ಹತ್ತುವ ಹೊತ್ತಿಗೆ ಭಾವ ಒಳಗೆ ಕರೆದರು. "ನಿನಗೆ ಹಳೆಯ ಲೆನ್ಸಿನ ಹುಚ್ಚಲ್ಲವೇ, ಅಪ್ಪನ ಕ್ಯಾಮೆರಾ ನೋಡು. ಒಂದು ಮಗುವಿಗೂ ಮುಟ್ಟಲು ಬಿಟ್ಟಿಲ್ಲ. ಜೋಪಾನವಾಗಿ ಇಟ್ಟಿದ್ದೇವೆ."

ಕಬ್ಬಿಣದ ಕಪಾಟು. ರೇಷ್ಮೆ ಸೀರೆಗಳ ಅಡಿಯಲ್ಲಿ ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ಟವೆಲ್, ಟವೆಲಿನೊಳಗೆ ಚರ್ಮದ ಚೀಲ, ಕಾವಲಿಗೆ ಎರಡು ನುಸಿಗುಳಿಗೆ. ದೇವರ ಪೆಟ್ಟಿಗೆಗೂ ಇಷ್ಟು ಭದ್ರತೆ ಇರಲಿಕ್ಕಿಲ್ಲ. ಮಾವ ಬಹರೈನ್‌ನಿಂದ ತಂದಿದ್ದ ಪೆಂಟ್ಯಾಕ್ಸ್ ಕೆ1000, ಅದರ ಮೂತಿಯಲ್ಲಿ 50 ಎಂಎಂ ಎಫ್/2 ಲೆನ್ಸ್. ನನ್ನ ಉಪನಯನದ ಫೋಟೋಗಳೆಲ್ಲ ಅದರದ್ದೇ. ಚೀಲದ ಗುಂಡಿ ತೆಗೆದೆ. ಒಳಗಿನ ಕೆಂಪು ಮಖಮಲ್ಲಿನ ಮೇಲೆ ದೋಸೆಹಿಟ್ಟು ಚೆಲ್ಲಿ ಒಣಗಿದಂತೆ ಬೂಷ್ಟು. ಲೆನ್ಸ್ ಬಿಚ್ಚಿ ಹಿಂದಿನಿಂದ ಮೊಬೈಲಿನ ಟಾರ್ಚ್ ಹಾಕಿದರೆ ಗಾಜುಗಳ ನಡುವೆ ಜೇಡ ಸಂಸಾರ ಹೂಡಿದಂತೆ ಎಳೆಎಳೆಯಾಗಿ ಫಂಗಸ್.

"ಸ್ವಲ್ಪ ಧೂಳು ಹಿಡಿದಿರಬೇಕು" ಎಂದರು ಭಾವ. ಧೂಳಂತೆ!

ಮಾರಾಯರೇ, ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬನಿಯನ್ ಒಣಗುವುದಿಲ್ಲ, ಹಪ್ಪಳ ಡಬ್ಬಿಯಿಂದ ತೆಗೆದ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಈ ಊರಿನಲ್ಲಿ ಚರ್ಮದ ಚೀಲವೆಂದರೆ ತೇವ ಹೀರಿಟ್ಟುಕೊಳ್ಳುವ ಸ್ಪಂಜು. ಕತ್ತಲು, ತೇವ, ಗಾಳಿಯಿಲ್ಲದ ಜಾಗ: ಫಂಗಸ್ಸಿಗೆ ಬೇಕಾದ ಮೂರನ್ನೂ ನಾವೇ ಕೂಡಿಸಿ, ಮೇಲೆ ಬೀಗ ಹಾಕಿ, ಅದಕ್ಕೆ ಜೋಪಾನ ಎಂದು ಹೆಸರಿಡುತ್ತೇವೆ. ನುಸಿಗುಳಿಗೆ ಜಿರಲೆಯನ್ನು ಓಡಿಸೀತು, ತೇವವನ್ನಲ್ಲ. ಫಂಗಸ್ ಮೊದಲು ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ, ಆಮೇಲೆ ಗಾಜಿಗೇ ಬಾಯಿ ಹಾಕುತ್ತದೆ. ಅಷ್ಟಾದ ಮೇಲೆ ಬಿಚ್ಚಿ ಒರೆಸಿದರೂ ಕಲೆ ಹೋಗುವುದಿಲ್ಲ.

ಹೊಟ್ಟೆ ಉರಿಯುವುದು ಯಾಕೆಂದರೆ ಇದೇ ಮಾದರಿಯ ಲೆನ್ಸನ್ನು ನಾನು ಹುಡುಕಿ, ಚೌಕಾಶಿ ಮಾಡಿ, ದುಡ್ಡು ಕೊಟ್ಟು ಕೊಂಡವನು. ನನ್ನ ಸೆಕೆಂಡ್ ಹ್ಯಾಂಡ್ ಸೋನಿ ಕ್ಯಾಮೆರಾಕ್ಕೆ ಅದನ್ನು ಹಾಕಿ ತಿರುಗುವುದನ್ನು ನೀವೆಲ್ಲ ಕಂಡಿದ್ದೀರಿ, ನಕ್ಕೂ ಇದ್ದೀರಿ. ನಡುವೆ ಬೇಕಾದದ್ದು ಒಂದು ಅಡಾಪ್ಟರ್. ನನಗೆ 1,400 ರೂಪಾಯಿಗೆ ಸಿಕ್ಕಿತು. ಒಳಗೆ ಗಾಜಿಲ್ಲ, ತಂತಿಯಿಲ್ಲ, ಬರೀ ಟೊಳ್ಳು ಲೋಹದ ಬಳೆ. ಹಳೆಯ ಫಿಲ್ಮ್ ಕ್ಯಾಮೆರಾದೊಳಗೆ ಕನ್ನಡಿ ಏರಿ ಇಳಿಯಲು ಜಾಗ ಬೇಕಿತ್ತು. ಹಾಗಾಗಿ ಪೆಂಟ್ಯಾಕ್ಸ್ ಲೆನ್ಸಿನ ಬುಡದಿಂದ ಫಿಲ್ಮಿಗೆ 45.46 ಮಿಲಿಮೀಟರ್ ದೂರ. ಕನ್ನಡಿಯಿಲ್ಲದ ಸೋನಿಯಲ್ಲಿ ಸೆನ್ಸರಿಗೆ ಇರುವ ದೂರ 18 ಮಿಲಿಮೀಟರ್. ಉಳಿದ 27.46ನ್ನು ಆ ಬಳೆ ತುಂಬುತ್ತದೆ, ಅಷ್ಟೇ ಅದರ ವಿದ್ಯೆ. ಮೆನುವಿನಲ್ಲಿ "ಲೆನ್ಸ್ ಇಲ್ಲದೆಯೂ ಶಟರ್" ಎನ್ನುವುದನ್ನು ಚಾಲೂ ಮಾಡಬೇಕು. ಇಲ್ಲದಿದ್ದರೆ ಕ್ಯಾಮೆರಾ ತನ್ನ ಮೂತಿಗೆ ಏನೂ ಕಟ್ಟಿಲ್ಲವೆಂದು ತಿಳಿದು ಮುಷ್ಕರ ಹೂಡುತ್ತದೆ. ಆದರೆ ನಿಕಾನ್ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ ಇಟ್ಟುಕೊಂಡವರು ಈ ಸಾಹಸಕ್ಕೆ ಇಳಿಯಬೇಡಿ. ಅಲ್ಲಿ ಆ ದೂರವೇ 46.5. ಬಳೆಗೆ ಜಾಗವೇ ಇಲ್ಲ, ಹೇಗಾದರೂ ಸಿಕ್ಕಿಸಿದರೂ ದೂರದ್ದು ಮಸುಕು. ಅದನ್ನು ಸರಿಪಡಿಸಲು ನಡುವೆ ಗಾಜಿರುವ ಅಗ್ಗದ ಅಡಾಪ್ಟರ್ ಮಾರುತ್ತಾರೆ. ಒಮ್ಮೆ ಕೊಂಡಿದ್ದೆ. ಈಗ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ.

"ಹೊಸ 50 ಎಂಎಂ ಆಟೋಫೋಕಸ್ ಲೆನ್ಸ್ ಬೇಕಾದಷ್ಟು ಸಿಗುತ್ತದೆ, ಯಾಕೆ ಈ ಕೈಕೆಲಸ?" ಎಂದು ಕೇಳುವವರಿದ್ದಾರೆ. ಸರಿ, ಒಪ್ಪಿದೆ. ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವರು ಅದನ್ನೇ ಕೊಳ್ಳಲಿ. ಉಡುಪಿಯ ವಿಟ್ಲಪಿಂಡಿ ಉತ್ಸವದ ದಿನ ರಥಬೀದಿಯಲ್ಲಿ ಹುಲಿವೇಷದ ಹಿಂದೆ ಓಡಿ ತೆಗೆದ ನನ್ನ ಫೋಟೋಗಳಲ್ಲಿ ಹತ್ತಕ್ಕೆ ಏಳು ಮಸುಕು. ಉಳಿದ ಮೂರರಲ್ಲಿ ಒಂದು ಹುಲಿಯದ್ದಲ್ಲ, ಐಸ್‌ಕ್ಯಾಂಡಿ ಮಾರುವವರದ್ದು. ಆದರೆ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ ಬನ್ನಿ. ಬಣ್ಣದ ವೇಷದವರು ಕನ್ನಡಿಯ ಮುಂದೆ ಕೂತು ಮುಖಕ್ಕೆ ಒಂದೊಂದೇ ಬಿಳಿ ಚುಟ್ಟಿ ಇಡುತ್ತಿರುತ್ತಾರೆ, ಗಂಟೆಗಟ್ಟಲೆ. ನಾನು ಒಂದೂವರೆ ಅಡಿ ದೂರದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಫೋಕಸಿನ ಉಂಗುರ ತಿರುಗಿಸುತ್ತೇನೆ. ಫೋಕಸ್ ಎಲ್ಲಿದೆಯೆಂದು ತೋರಿಸುವ ಕೆಂಪು ಗೆರೆಯೊಂದು ಕ್ಯಾಮೆರಾದ ಪರದೆಯಲ್ಲಿ ಹುಬ್ಬಿನಿಂದ ಜಾರಿ ರೆಪ್ಪೆಗೆ, ರೆಪ್ಪೆಯಿಂದ ಕಣ್ಣಿನ ಕೆಳಗಿನ ಬಿಳಿ ಚುಕ್ಕಿಗೆ ಬಂದು ನಿಲ್ಲುತ್ತದೆ. ಹಿಂದಿನ ಬಲ್ಬುಗಳೆಲ್ಲ ಕರಗಿ ಸಣ್ಣ ಹಪ್ಪಳಗಳಾಗುತ್ತವೆ. ಅಲ್ಲಿ ಅವರಿಗೂ ಅವಸರವಿಲ್ಲ, ನನಗೂ ಇಲ್ಲ. ಆಟೋಫೋಕಸ್ ಅಲ್ಲಿ ಏನು ಮಾಡಬೇಕು ಹೇಳಿ.

ಇನ್ನೊಂದು ವಿಷಯವನ್ನು ಬರೆಯಬಾರದೆಂದಿದ್ದೆ. ಭಾವನ ಮೇಲೆ ಇಷ್ಟು ಹಾರಾಡುವ ನಾನು ಪೆಂಟ್ಯಾಕ್ಸ್‌ನವರದ್ದೇ ಹಳೆಯ ಟಕುಮಾರ್, ನನ್ನ ಆ ಮೊದಲ ಲೆನ್ಸನ್ನು ಕೊಂದದ್ದು ಹೀಗೆಯೇ. ತಿಂಗಳ ಸಂಬಳದಲ್ಲಿ ಉಳಿಸಿ ಕೊಂಡದ್ದು, ಗೀರು ಬಿದ್ದೀತೆಂದು ಚರ್ಮದ ಚೀಲಕ್ಕೆ ಹಾಕಿಟ್ಟೆ. ಮಳೆಯ ಆಟಿ ತಿಂಗಳು ಕಳೆದು, ಸೋಣ ಕಳೆದು, ನವರಾತ್ರಿಗೆ ತೆಗೆದರೆ ಅಂಚಿನಲ್ಲಿ ಸಣ್ಣ ಬಿಳಿ ಹೂವು. ಎಷ್ಟು ಚೆಂದವಿತ್ತೆಂದರೆ ಮೊದಲು ಅದರದ್ದೇ ಫೋಟೋ ತೆಗೆದೆ. ಆ ರಾತ್ರಿ ಊಟ ಸೇರಲಿಲ್ಲ. ಮನೆಯಲ್ಲಿ ಯಾರಿಗೂ ಕಾರಣ ಹೇಳಲಿಲ್ಲ, ಲೆನ್ಸಿನ ಬೆಲೆ ಅವರಿಗೆ ಗೊತ್ತಾಗುತ್ತಿತ್ತು.

ಈಗ ನನ್ನ ಲೆನ್ಸುಗಳೆಲ್ಲ ಅಡುಗೆಮನೆಯ ಬಿಗಿಮುಚ್ಚಳದ ಡಬ್ಬಿಯಲ್ಲಿವೆ. ಜೊತೆಗೆ ಸಿಲಿಕಾ ಜೆಲ್ ಹರಳು, ಒಂದು ಪುಟ್ಟ ತೇವಮಾಪಕ. ಮುಳ್ಳು ಶೇಕಡಾ 50ರ ಆಸುಪಾಸಿನಲ್ಲಿದ್ದರೆ ನಿದ್ದೆ ಬರುತ್ತದೆ. ಅಕ್ಕಿಯಲ್ಲಿ ಹೂತಿಡಿ ಎನ್ನುವವರ ಮಾತು ಕೇಳಬೇಡಿ, ಅದರ ಹುಡಿ ಫೋಕಸಿನ ಉಂಗುರದ ಸಂದಿಗೆ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಹೊರಗೆ ತೆಗೆದು ಎರಡು ಫೋಟೋ ತೆಗೆಯಿರಿ. ಬೆಕ್ಕಿನದ್ದಾದರೂ ಸರಿ.

ಮಾವನ ಲೆನ್ಸನ್ನು ಕೇಳಿ ತಂದಿದ್ದೇನೆ. ನಡುವಿನ ಎಳೆಗಳು ಬಿಚ್ಚಿ ಒರೆಸಿದರೆ ಹೋದಾವು, ಅಂಚಿನದ್ದು ಹೋಗಲಿಕ್ಕಿಲ್ಲ. ಇಷ್ಟು ಬರೆಯುವಾಗ ಭಾವನ ಫೋನ್ ಬಂತು.

"ಚರ್ಮದ ಚೀಲ ಇಲ್ಲಿಯೇ ಬಿಟ್ಟು ಹೋಗಿದ್ದೀಯಲ್ಲ. ಏನೂ ತೊಂದರೆಯಿಲ್ಲ, ಚೆನ್ನಾಗಿ ಒರೆಸಿ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ."